ಇವತ್ತಿನ ಪದಬಂಧ: ‘ಐವರು ಬಂದಿದ್ದಾರೆ, ಇಬ್ಬರು ಬಂದಿಲ್ಲ’. ಯಾರು ಈ ಐವರು?

ಖಾಲಿ ಚೌಕ
ಇವತ್ತಿನ ಬಂಧ ಬಿಡಿಸಿದವರು ಯಾರಾದರೂ ಇದ್ದೀರಾ? ಒಂದೇ ಒಂದು ಮನೆ ಬಿಟ್ಟು ಎಲ್ಲ ತುಂಬಿದೆ. ಆದರೆ ಮೇಲೆ ಒಂದು ಸಾಲು ಕೊಟ್ಟಿದ್ದಾರಲ್ಲ, ‘ಐವರು ಬಂದಿದ್ದಾರೆ, ಇಬ್ಬರು ಬಂದಿಲ್ಲ’ ಅಂತ, ಅದು ಮಾತ್ರ ಹೊಳೆಯುತ್ತಿಲ್ಲ. ಒಳಗೆ ಏನೋ ಗುಟ್ಟು ಇದೆ ಅನ್ನುವುದಂತೂ ಖಚಿತ. ಈ ರಚನಕಾರರು ಆಗಾಗ ಹೀಗೆ ಮಾಡುತ್ತಾರೆ.

ಉಳಿದಿರುವ ಮನೆ 21 ಎಡದಿಂದ ಬಲಕ್ಕೆ: ‘ತಲೆ ಕಳೆದುಕೊಂಡ ಚೆಲುವೆ ಬಿದ್ದ ಕಂದರ (2)’. ಎರಡನೇ ಅಕ್ಷರ ‘ರಿ’. ಮೊದಲನೆಯದಕ್ಕೆ ಮೇಲಿನಿಂದ ಯಾವ ಪದವೂ ಇಳಿಯುವುದಿಲ್ಲ. ಗಿರಿ ಅಂತ ಬರೆಯೋಣ ಅಂದರೆ ಅದು ಬೆಟ್ಟ.

ದಯವಿಟ್ಟು ಉತ್ತರ ಹೇಳಬೇಡಿ. ದಾರಿ ತೋರಿಸಿ ಸಾಕು.

ಅಳಿಸುವ ರಬ್ಬರ್
ಐವರು ಅಂದಮೇಲೆ ಪಾಂಡವರೇ. ಇದರಲ್ಲಿ ಯೋಚನೆ ಮಾಡುವುದೇನಿದೆ?

ಮೇಲಿನಿಂದ ಕೆಳಕ್ಕೆ
ಪಾಂಡವರು ಐವರೂ ಬಂದಾಯಿತು, ಸರಿ. ಹಾಗಾದರೆ ಬಾರದ ಇಬ್ಬರು ಯಾರು? ಐದಕ್ಕೆ ಎರಡು ಸೇರಿಸಿ. ಏಳು ಜನರ ಗುಂಪು ಹುಡುಕಬೇಕು.

ಅಳಿಸುವ ರಬ್ಬರ್
ಕರ್ಣ, ಕೃಷ್ಣ. ಆಯ್ತಲ್ಲ ಏಳು.

ಕಡೇ ಬೆಂಚು
ವಾರದ ದಿನಗಳು! ಐದು ದಿನ ಕೆಲಸಕ್ಕೆ ಬರುತ್ತಾರೆ, ಶನಿವಾರ ಭಾನುವಾರ ಬರುವುದಿಲ್ಲ. ನನಗೆ ಬಹುಮಾನ ಕೊಡಿ.

ಮೇಲಿನಿಂದ ಕೆಳಕ್ಕೆ
ಐಡಿಯಾ ಚೆನ್ನಾಗಿದೆ. ಆದರೆ ಸೋಮ, ಮಂಗಳ ಎಲ್ಲಿ ಅಡಗಿದ್ದಾರೆ ತೋರಿಸಿ ನೋಡೋಣ. ಇಡೀ ಬಂಧದಲ್ಲಿ ‘ಸೋ’ ಅನ್ನುವ ಅಕ್ಷರವೇ ಇಲ್ಲ.

ಕಡೇ ಬೆಂಚು
ಕಾಮನಬಿಲ್ಲು? ಸಪ್ತರ್ಷಿ? ಏಳು ಸಮುದ್ರ?

ಮೇಲಿನಿಂದ ಕೆಳಕ್ಕೆ
ಸುಮ್ನೆ ಏಳು ಇರುವುದನ್ನೆಲ್ಲ ಪಟ್ಟಿ ಮಾಡುತ್ತಾ ಹೋದರೆ ಆಗಲ್ಲ. ಬಂಧದ ಒಳಗಿನಿಂದ ಹೊರಗೆ ಬರಬೇಕು.

ಹಳೇ ಪೆನ್ಸಿಲ್
ಖಾಲಿ ಚೌಕ ಅವರೇ, 21ರ ದಾರಿ ಹೇಳುತ್ತೇನೆ. ಇಂಥ ಗೂಢ ಸುಳಿವಿನಲ್ಲಿ ಎರಡು ತುಂಡು ಇರುತ್ತದೆ. ಒಂದು ತುಂಡು ಉತ್ತರದ ನೇರ ಅರ್ಥ. ಇನ್ನೊಂದು, ಆ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ಆಟ. ನೇರ ಅರ್ಥ ಯಾವಾಗಲೂ ಸುಳಿವಿನ ಮೊದಲಲ್ಲಿ ಅಥವಾ ಕೊನೆಯಲ್ಲಿ ಕೂತಿರುತ್ತದೆ, ನಡುವೆ ಬರುವ ಹಾಗಿಲ್ಲ. ಇಲ್ಲಿ ಕೊನೆಯಲ್ಲಿ ‘ಕಂದರ’ ಇದೆ. ಅದು ಅರ್ಥ. ‘ಬಿದ್ದ’ ಅನ್ನುವುದು ಎರಡನ್ನೂ ಕೂಡಿಸುವ ಕೊಂಡಿ. ಉಳಿದದ್ದು ‘ತಲೆ ಕಳೆದುಕೊಂಡ ಚೆಲುವೆ’. ಚೆಲುವೆಗೆ ಇನ್ನೊಂದು ಪದ ಯೋಚಿಸಿ. ಮೂರು ಅಕ್ಷರ ಇರಬೇಕು, ಕೊನೆಯದು ‘ರಿ’. ಅದರ ತಲೆ, ಅಂದರೆ ಮೊದಲ ಅಕ್ಷರ, ಹಾರಿಸಿ.

ಬೆಟ್ಟದ ಜೊತೆಗೆ ಜೋಡಿಯಾಗಿ ಬರುವ ಪದ ಅದು. ಇನ್ನು ಜಾಸ್ತಿ ಹೇಳಿದರೆ ಉತ್ತರವೇ ಹೇಳಿದ ಹಾಗೆ.

ಸುಮ್ನೆ ನೋಡೋಳು
ಸುಂದರಿ. ತಲೆ ತೆಗೆದರೆ ದರಿ. ಗಿರಿ ದರಿ ಅಂತಾರಲ್ಲ ಅದು.

ಹಳೇ ಪೆನ್ಸಿಲ್
ಅಮ್ಮಾ ತಾಯಿ, ಉತ್ತರ ಹೇಳಬೇಡಿ ಅಂತ ಮೇಲೆ ಅಷ್ಟು ಸ್ಪಷ್ಟವಾಗಿ ಬರೆದಿದ್ದಾರಲ್ಲ!

ಸುಮ್ನೆ ನೋಡೋಳು
ನೀವು ಮೂರು ಅಕ್ಷರ, ಕೊನೆಗೆ ರಿ, ತಲೆ ಹಾರಿಸಿ, ಬೆಟ್ಟದ ಜೋಡಿ ಎಲ್ಲ ಹೇಳಿದ ಮೇಲೆ ನಾನು ಹೇಳುವುದಕ್ಕೆ ಏನು ಉಳಿದಿತ್ತು?

ಖಾಲಿ ಚೌಕ
ಪರವಾಗಿಲ್ಲ ಬಿಡಿ, ಜಗಳ ಬೇಡ. ಆದರೆ ನನ್ನದೊಂದು ತಕರಾರು ಇದೆ. ‘ಚೆಲುವೆ’ ಅಂತ ಕೊಟ್ಟು, ನಾನು ಅದನ್ನು ಸುಂದರಿ ಮಾಡಿ, ಆಮೇಲೆ ತಲೆ ತೆಗೆಯಬೇಕು. ಚೆಲುವೆಗೆ ಸುಂದರಿ, ರೂಪಸಿ, ಸುಂದರಾಂಗಿ, ಏನು ಬೇಕಾದರೂ ಆಗಬಹುದು. ಅದರ ಮೇಲೆ ‘ದರಿ’ ಅನ್ನುವ ಪದ ಒಂಟಿಯಾಗಿ ಯಾರು ಬಳಸುತ್ತಾರೆ? ಮೊದಲ ಮನೆಗೆ ಅಡ್ಡ ಹಾಯುವ ಪದವೂ ಇಲ್ಲ. ಇದು ಮೋಸ ಅಲ್ವಾ?

ಹಳೇ ಪೆನ್ಸಿಲ್
ಪದದ ತಲೆ ತೆಗೆಯುವುದಕ್ಕೆ, ಬಾಲ ತೆಗೆಯುವುದಕ್ಕೆ ಸಮಾನಾರ್ಥಕ ಕೊಡುವುದು ನಡೆಯುತ್ತದೆ. ಅಕ್ಷರ ಕಲಸುವ ಸುಳಿವಿನಲ್ಲಿ ಮಾತ್ರ ಹಾಗೆ ಮಾಡಬಾರದು. ಕಲಸಬೇಕಾದ ಅಕ್ಷರಗಳು ಸುಳಿವಿನಲ್ಲೇ ಕಣ್ಣಿಗೆ ಕಾಣಬೇಕು. ಇದು ಇಂಗ್ಲಿಷ್ ಗೂಢ ಬಂಧಗಳಲ್ಲಿ ಬೆಳೆದು ಬಂದ ನಿಯಮ, ನಮಗೂ ಹೊಂದುತ್ತದೆ.

ಒಂಟಿ ಮನೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಎರಡಕ್ಷರದ ಪದದಲ್ಲಿ ಒಂದಕ್ಕೆ ಅಡ್ಡಪದ ಇಲ್ಲ ಅಂದರೆ ಅರ್ಧ ಪದ ಗಾಳಿಯಲ್ಲಿ ನೇತಾಡಿದ ಹಾಗೆ. ಅಮೆರಿಕದ ಬಂಧಗಳಲ್ಲಿ ಪ್ರತಿ ಅಕ್ಷರವೂ ಎರಡು ಪದಕ್ಕೆ ಸೇರಿರಲೇಬೇಕು, ಮೂರು ಅಕ್ಷರಕ್ಕಿಂತ ಸಣ್ಣ ಪದ ಇಡುವ ಹಾಗೂ ಇಲ್ಲ. ಬ್ರಿಟನ್ನಿನ ಗೂಢ ಬಂಧಗಳಲ್ಲಿ ಸುಮಾರು ಅರ್ಧದಷ್ಟು ಅಕ್ಷರಕ್ಕೆ ಅಡ್ಡಪದ ಇರುವುದಿಲ್ಲ.

ಒತ್ತಕ್ಷರ
ಇಂಗ್ಲಿಷ್ ನಿಯಮ ತಂದು ಕನ್ನಡಕ್ಕೆ ಹಾಕಿದರೆ ಒಂದು ಬಂಧವೂ ಕಟ್ಟಲು ಆಗುವುದಿಲ್ಲ ಸ್ವಾಮಿ. ಅವರಿಗೆ ಇರುವುದು 26 ಅಕ್ಷರ. ನಮ್ಮಲ್ಲಿ 49 ಅಂತ ಹೇಳಿದರೂ ಒಂದು ಮನೆಯಲ್ಲಿ ಕೂರುವುದು ಬರೀ ಮೂಲಾಕ್ಷರ ಅಲ್ಲ. ನ, ನಾ, ನಿ, ನೀ, ನೇ, ನಂ, ನ್ನ, ನ್ಯ, ಇವೆಲ್ಲ ಬೇರೆ ಬೇರೆ ಮನೆ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದರೆ ಸಾವಿರ ದಾಟುತ್ತದೆ. ಎರಡು ಪದ ಒಂದೇ ಮನೆಯಲ್ಲಿ ಸಂಧಿಸಬೇಕಾದರೆ ಅಕ್ಷರ ಮಾತ್ರ ಅಲ್ಲ, ಗುಣಿತವೂ ಒಂದೇ ಆಗಿರಬೇಕು. ಒಂದು ಸಣ್ಣ ಬಂಧ ಕಟ್ಟಿ ನೋಡಿ, ಬೆವರು ಇಳಿಯುತ್ತದೆ. ಅದಕ್ಕೇ ನಮ್ಮ ಬಂಧಗಳಲ್ಲಿ ಕಪ್ಪು ಮನೆ ಜಾಸ್ತಿ, ಎರಡಕ್ಷರದ ಪದಗಳೂ ಜಾಸ್ತಿ. ಅದೇ ಕಾರಣಕ್ಕೆ ಅಕ್ಷರ ಕಲಸುವ ಸುಳಿವೂ ನಮ್ಮಲ್ಲಿ ಕಡಿಮೆ. ‘ಕು’ ಇದ್ದದ್ದು ‘ಕು’ ಆಗಿಯೇ ಬೇರೆ ಕಡೆ ಕೂರಬೇಕಲ್ಲ.

ಕಡೇ ಬೆಂಚು
ಗುಣಿತ ಲೆಕ್ಕಕ್ಕೆ ಹಿಡಿಯದೆ ಬರೀ ವ್ಯಂಜನ ಹೊಂದಿದರೆ ಸಾಕು ಅಂತ ಮಾಡಿದರೆ? ಅಡ್ಡ ಓದುವಾಗ ‘ಕ’, ಕೆಳಗೆ ಓದುವಾಗ ‘ಕಿ’.

ಒತ್ತಕ್ಷರ
ಆಗ ಅದು ಪದಬಂಧ ಅಲ್ಲ, ವ್ಯಂಜನಬಂಧ. ನಾನಂತೂ ಮುಟ್ಟುವುದಿಲ್ಲ.

ಎಡದಿಂದ ಬಲಕ್ಕೆ
ಕಲಸುವುದು ಕಷ್ಟ, ಒಪ್ಪಿದೆ. ಆದರೆ ತಿರುಗಿಸುವುದು ಕನ್ನಡದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಇವತ್ತಿನ 6 ಮೇಲಿನಿಂದ ಕೆಳಕ್ಕೆ: ‘ಮಂಗ ಮಗುಚಿದರೆ ಕೋಗಿಲೆ (2)’. ಕಪಿ ತಿರುಗಿಸಿದರೆ ಪಿಕ! ಓದಿದ ಕೂಡಲೇ ನಗು ಬಂತು. ನದಿ ದಿನ ಆಗುತ್ತದೆ, ನವ ವನ ಆಗುತ್ತದೆ, ಸರ ರಸ ಆಗುತ್ತದೆ. ಇಂಗ್ಲಿಷಿನವರು ಒಂದೊಂದೇ ಅಕ್ಷರ ಹಿಂದು ಮುಂದು ಮಾಡಿದರೆ ಅರ್ಧಕ್ಕರ್ಧ ಬಾಯಲ್ಲಿ ಹೊರಳುವುದೇ ಇಲ್ಲ.

ಸುಮ್ನೆ ನೋಡೋಳು
ನನಗೆ ಹಿಡಿಸಿದ್ದು 9: ‘ಹುಡುಕು, ದೊರೆ ಸಿಗುತ್ತಾನೆ (3)’. ಅರಸು. ಮೂರು ಪದದಲ್ಲಿ ಮುಗಿಸಿದ್ದಾರೆ, ಒಂದು ಅಕ್ಷರವೂ ವ್ಯರ್ಥ ಇಲ್ಲ.

ಅಳಿಸುವ ರಬ್ಬರ್
15: ‘ಅವನಿಗೆ ಮಾಲೆ ಹಾಕಿದ ತರಾತುರಿ (4)’. ಅವ ಸರ, ಅವಸರ. ಇದು ಸ್ವಲ್ಪ ಎಳೆದದ್ದು ಅನಿಸಿತು. ‘ಅವನಿಗೆ’ ಅಂದರೆ ‘ಅವ’ ಹೇಗೆ ಆಗುತ್ತದೆ?

ಹಳೇ ಪೆನ್ಸಿಲ್
ಆಗುವುದಿಲ್ಲ. ಆ ‘ನಿಗೆ’ ಸುಳಿವು ಸರಾಗವಾಗಿ ಓದಲಿ ಅಂತ ಸೇರಿಸಿದ್ದು. ‘ಅವ ಮಾಲೆ ಧರಿಸಿದ ತರಾತುರಿ’ ಅಂದಿದ್ದರೆ ಸರಿಯಾಗಿ ಕೂರುತ್ತಿತ್ತು. ಇಂಥದ್ದಕ್ಕೆ ಒಂದು ಹಳೆಯ ಮಾತಿದೆ. ಅಫ್ರಿಟ್ ಅನ್ನುವ ಹೆಸರಿನಲ್ಲಿ ಬಂಧ ರಚಿಸುತ್ತಿದ್ದ ಇಂಗ್ಲೆಂಡಿನ ಒಬ್ಬರು 1949ರಲ್ಲಿ ಹೇಳಿದ್ದು. ಅದರ ಸಾರ ಇಷ್ಟು: ಸುಳಿವು ಕೊಡುವವನು ಮೇಲ್ನೋಟಕ್ಕೆ ಏನು ಬೇಕಾದರೂ ಹೇಳಿಕೊಳ್ಳಲಿ, ಆದರೆ ಅವನು ಕೇಳುತ್ತಿರುವುದು ಆ ಮಾತಿನಲ್ಲಿ ಇರಲೇಬೇಕು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವ ಹಾಗಿಲ್ಲ. ‘ಅವನಿಗೆ’ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

ಒತ್ತಕ್ಷರ
ಅಷ್ಟು ಬಿಗಿ ಹಿಡಿದರೆ ಕನ್ನಡದ ವಿಭಕ್ತಿ ಪ್ರತ್ಯಯಗಳ ಜೊತೆ ಬದುಕುವುದೇ ಕಷ್ಟ. ಇಂಗ್ಲಿಷಿನಲ್ಲಿ ಪದ ಬಿಡಿಬಿಡಿಯಾಗಿ ನಿಲ್ಲುತ್ತವೆ. ನಮ್ಮಲ್ಲಿ ಅಂಟಿಕೊಂಡೇ ಬರುತ್ತವೆ. ಸ್ವಲ್ಪ ಸಡಿಲ ಬಿಡಬೇಕು.

ಹಳೇ ಪೆನ್ಸಿಲ್
ಸಡಿಲ ಎಲ್ಲಿಯವರೆಗೆ ಅನ್ನುವುದೇ ಪ್ರಶ್ನೆ. ಇವತ್ತು ‘ನಿಗೆ’, ನಾಳೆ ಇನ್ನೊಂದು.

ಮೇಲಿನಿಂದ ಕೆಳಕ್ಕೆ
ವ್ಯಾಕರಣ ಆಮೇಲೆ ಮಾಡೋಣ. ಒಂದು ವಿಚಿತ್ರ ಕಂಡಿತು. ಸಣ್ಣ ಪದಗಳನ್ನು ಸಾಲಾಗಿ ಬರೆದುಕೊಂಡೆ.

4. ‘ಎರಡು ಸಲ ಹೇಳಿದರೆ ಹೊಸ ನೋಟು, ಒಂದೇ ಸಲವಾದರೆ ನವಿಲಿನ ಆಸ್ತಿ (2)’ – ಗರಿ
3. ‘ಬಂಧವಾದರೆ ನಿಮ್ಮ ಕೈಯಲ್ಲಿರುವುದು, ಬಿಡುಗಡೆಯಾದರೆ ಹಾಡು (2)’ – ಪದ
12. ‘ಪಕ್ಕಕ್ಕೆ ಹೋಗು, ತಪ್ಪೇನಿಲ್ಲ (2)’ – ಸರಿ
17. ‘ಮೋಸ ದರಿದ್ರದ ನಡುವೆ ಸಿಕ್ಕಿದೆ, ಈ ಮೇಲೆ ಹೇಳಿದ (3)’ – ಸದರಿ
21. ದರಿ

ಐದು ಪದ. ಬಳಕೆಯಾದ ಅಕ್ಷರಗಳು ಗ, ರಿ, ಪ, ದ, ಸ. ಅವೂ ಐದೇ! ಅದದೇ ಅಕ್ಷರ ಸುತ್ತಿ ಸುತ್ತಿ ಬರುತ್ತಿದೆ. ಇದು ಆಕಸ್ಮಿಕ ಇರಲಾರದು.

ಶ್ರುತಿಪೆಟ್ಟಿಗೆ
ಅಯ್ಯೋ! ಇಷ್ಟು ಹೊತ್ತು ಸುಮ್ನೆ ಓದುತ್ತಾ ಕೂತಿದ್ದೆ. ಆ ಐದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ: ಸ ರಿ ಗ ಪ ದ. ಏಳು ಸ್ವರದಲ್ಲಿ ಐವರು ಬಂದಿದ್ದಾರೆ. ಬಾರದ ಇಬ್ಬರು ಮ ಮತ್ತು ನಿ.

ಐದೇ ಸ್ವರ ಇರುವ ರಾಗಕ್ಕೆ ಔಡವ ಅನ್ನುತ್ತಾರೆ. ಮ, ನಿ ಬಿಟ್ಟ ಔಡವ ರಾಗ ಅಂದರೆ ಮೊದಲು ನೆನಪಾಗುವುದು ಮೋಹನ. 13 ಎಡದಿಂದ ಬಲಕ್ಕೆ ಏನು ತುಂಬಿದ್ದೀರಿ, ಎಲ್ಲರೂ ಒಂದು ಸಲ ನೋಡಿಕೊಳ್ಳಿ.

ಖಾಲಿ ಚೌಕ
13: ‘ಆಸೆಯ ಹಿಂದೆ ನವಿಲಿನ ತಲೆ, ಕೊಳಲಿನವನು (3)’. ಮೋಹ ಆದಮೇಲೆ ನವಿಲಿನ ‘ನ’. ಮೋಹನ!! ಅದೂ ಬಂಧದ ನಟ್ಟನಡುವೆ, ಐದನೇ ಸಾಲಿನ ಮಧ್ಯದ ಮೂರು ಮನೆ. ಕೃಷ್ಣ ಅಂದುಕೊಂಡು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆ.

ಎಡದಿಂದ ಬಲಕ್ಕೆ
ಆಹಾ. ಸುಳಿವಿನಲ್ಲಿ ಕೊಳಲು ಬೇರೆ ಇಟ್ಟಿದ್ದಾರೆ. ಕಣ್ಣೆದುರೇ ಇತ್ತು.

ಅಳಿಸುವ ರಬ್ಬರ್
ಕೃಷ್ಣ ಇದ್ದಾನೆ ಅಂತ ನಾನು ಆಗಲೇ ಹೇಳಿರಲಿಲ್ವಾ?

ಮೇಲಿನಿಂದ ಕೆಳಕ್ಕೆ
ನೀವು ಕೃಷ್ಣ ಬಂದಿಲ್ಲ ಅಂದಿದ್ದು.

ಶಾಸ್ತ್ರಬದ್ಧ
ಸಂಭ್ರಮದ ನಡುವೆ ಅಡ್ಡ ಬರುತ್ತಿದ್ದೇನೆ, ಬೇಸರ ಬೇಡ. ಸ್ವರದ ಹೆಸರು ಧೈವತ. ಮಹಾಪ್ರಾಣ. ಹಾಗಾದರೆ ಅಕ್ಷರ ‘ಧ’ ಆಗಬೇಕು. ಪದ, ಸದರಿ, ದರಿ ಮೂರರಲ್ಲೂ ಇರುವುದು ಅಲ್ಪಪ್ರಾಣ ‘ದ’. ಐವರು ಬಂದಿದ್ದಾರೆ ಅಂತ ಹೇಳಿ ನಾಲ್ವರನ್ನೇ ಕರೆತಂದಿದ್ದಾರೆ. ಪದಬಂಧ ಅಂದಮೇಲೆ ಅಕ್ಷರ ಶುದ್ಧವಾಗಿರಬೇಕಲ್ಲ?

ಶ್ರುತಿಪೆಟ್ಟಿಗೆ
ಸರ್, ಕರ್ನಾಟಕ ಸಂಗೀತದ ಕನ್ನಡ ಪುಸ್ತಕಗಳಲ್ಲಿ ಸ್ವರಲಿಪಿ ಬರೆಯುವಾಗ ‘ಸ ರಿ ಗ ಮ ಪ ದ ನಿ’ ಅಂತಲೇ ಬರೆಯುವ ರೂಢಿ ಇದೆ. ‘ಧ’ ಬರೆಯುವವರೂ ಇದ್ದಾರೆ, ಹಿಂದೂಸ್ತಾನಿ ಕಡೆ ಅದೇ ಜಾಸ್ತಿ. ಎರಡೂ ನಡೆಯುತ್ತದೆ.

ಇನ್ನೊಂದು ಮಾತು. ಹೆಸರಿನ ಮೊದಲಕ್ಷರವೇ ಬೇಕು ಅಂತ ಹಟ ಹಿಡಿದರೆ ಷಡ್ಜಕ್ಕೆ ‘ಷ’ ಬರೆಯಬೇಕು, ಋಷಭಕ್ಕೆ ‘ಋ’ ಬರೆಯಬೇಕು, ಗಾಂಧಾರಕ್ಕೆ ‘ಗಾ’. ನಾವು ‘ಷ ಋ ಗಾ’ ಅಂತ ಹಾಡುತ್ತೇವಾ?

ಶಾಸ್ತ್ರಬದ್ಧ
ಷಡ್ಜದ ವಾದ ಒಪ್ಪುತ್ತೇನೆ. ಆದರೂ ‘ಧರಿ’ ಅಂತ ಒಂದು ಪದ ಇದ್ದಿದ್ದರೆ ನನಗೆ ಹೆಚ್ಚು ಸಮಾಧಾನ ಆಗುತ್ತಿತ್ತು. ‘ಧರಿಸು’ ಅನ್ನುವುದರ ಬಾಲ ಕತ್ತರಿಸಿ ಮಾಡಬಹುದಿತ್ತು.

ಎರಡನೇ ಆಕ್ಷೇಪ. ಸ ರಿ ಗ ಪ ದ ಅಂದ ಮಾತ್ರಕ್ಕೆ ಮೋಹನವೇ ಏಕೆ? ಶಿವರಂಜನಿಯಲ್ಲೂ ಇದೇ ಐದು ಹೆಸರು. ಭೂಪಾಳದಲ್ಲೂ ಇದೇ. ವ್ಯತ್ಯಾಸ ಇರುವುದು ಸ್ವರದ ಸ್ಥಾನದಲ್ಲಿ. ಮೋಹನದಲ್ಲಿ ಅಂತರ ಗಾಂಧಾರ, ಶಿವರಂಜನಿಯಲ್ಲಿ ಸಾಧಾರಣ ಗಾಂಧಾರ. ಭೂಪಾಳದಲ್ಲಿ ರಿಷಭ, ಧೈವತ ಎರಡೂ ಶುದ್ಧ. ಅಕ್ಷರದಲ್ಲಿ ಇದೆಲ್ಲ ಎಲ್ಲಿ ಕಾಣುತ್ತದೆ?

ಶ್ರುತಿಪೆಟ್ಟಿಗೆ
ಕಾಣುವುದಿಲ್ಲ, ಅದಕ್ಕೇ ನಡುವೆ ಮೋಹನ ಇಟ್ಟಿದ್ದಾರೆ. ಅದಿಲ್ಲದೆ ಹೋಗಿದ್ದರೆ ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ. ಅಕ್ಷರಗಳು ಮೂರು ರಾಗದ ಬಾಗಿಲವರೆಗೆ ಕರೆದುಕೊಂಡು ಹೋಗುತ್ತವೆ, 13 ಯಾವ ಬಾಗಿಲು ಅಂತ ಹೇಳುತ್ತದೆ. ರಚನಕಾರರಿಗೆ ಈ ತೊಡಕು ಗೊತ್ತಿತ್ತು ಅಂತಲೇ ನನ್ನ ಲೆಕ್ಕ.

ಒತ್ತಕ್ಷರ
ಯಾರೂ ಗಮನಿಸದ ಒಂದು ವಿಷಯ ಹೇಳಲಾ? ಈಗಷ್ಟೇ ಇಡೀ 9×9 ಬಂಧ ಒಂದೊಂದು ಮನೆಯಾಗಿ ತಿರುವಿ ನೋಡಿದೆ. ಸಣ್ಣ ಪದಗಳಲ್ಲಿ ಮಾತ್ರ ಅಲ್ಲ, ಎಲ್ಲಿಯೂ ‘ಮ’ ಇಲ್ಲ. ‘ನಿ’ ಇಲ್ಲ. ಮೋಹನದಲ್ಲಿ ಇರುವುದು ‘ಮೋ’, ಅದು ಬೇರೆ ಮನೆ. ಮರ, ಮನ, ಸಮಯ, ಹನಿ, ದನಿ, ನಿಜ ಇಂಥ ಸುಲಭದ ಪದಗಳನ್ನೆಲ್ಲ ಬಿಟ್ಟು ಕಟ್ಟಿದ್ದಾರೆ. ಕನ್ನಡದಲ್ಲಿ ‘ಮ’ ಇಲ್ಲದೆ ಬಂಧ ಕಟ್ಟುವುದು ತಮಾಷೆಯಲ್ಲ. 1ಕ್ಕೆ ‘ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಆದ ನಗಿಸುವವ (5)’ ಅಂತ ವಿಕಟಕವಿಯನ್ನು ಏಕೆ ತಂದರು ಅಂತ ಈಗ ಗೊತ್ತಾಯಿತು. ಹಳಸಲು ಸುಳಿವು ಅಂತ ಬೈದುಕೊಂಡಿದ್ದೆ, ಆದರೆ ಅದರಲ್ಲಿ ಎರಡೂ ಅಕ್ಷರ ಇಲ್ಲ.

ಶ್ರುತಿಪೆಟ್ಟಿಗೆ
ರಾಗದಲ್ಲಿ ಬಿಟ್ಟ ಸ್ವರಕ್ಕೆ ವರ್ಜ್ಯ ಅನ್ನುತ್ತೇವೆ. ಮೋಹನ ಹಾಡುವಾಗ ಮ ಮುಟ್ಟಿದರೆ ರಾಗ ಕೆಟ್ಟಿತು. ಬಂಧಕ್ಕೂ ಅದೇ ಕಟ್ಟುಪಾಡು ಹಾಕಿಕೊಂಡಿದ್ದಾರೆ. ನನ್ನ ಕಣ್ಣಿಗೆ ಆ ಐದು ಪದಕ್ಕಿಂತ ಇದೇ ದೊಡ್ಡದು.

ಕಡೇ ಬೆಂಚು
ನಿಲ್ಲಿ ನಿಲ್ಲಿ, ಇನ್ನೂ ಇದೆ! ಒಂದೊಂದು ಸ್ವರಕ್ಕೂ ಒಂದೊಂದು ಪ್ರಾಣಿ ಪಕ್ಷಿ ಹೇಳುತ್ತಾರಲ್ಲ. ನವಿಲಿಗೆ ಷಡ್ಜ, ಕೋಗಿಲೆಗೆ ಪಂಚಮ. ಸುಳಿವುಗಳಲ್ಲಿ ನವಿಲು ಎರಡು ಸಲ ಬಂದಿದೆ. ಕೋಗಿಲೆ ಒಂದು ಸಲ. ನಿಷಾದಕ್ಕೆ ಆನೆ, ಅದು ಎಲ್ಲೂ ಇಲ್ಲ! ಮಧ್ಯಮಕ್ಕೆ ಕ್ರೌಂಚ, ಅದೂ ಇಲ್ಲ! ಇದು ಮೂರನೇ ಪದರ!

ಮೇಲಿನಿಂದ ಕೆಳಕ್ಕೆ
ಹಾಗಾದರೆ ಗಾಂಧಾರದ ಮೇಕೆ ಎಲ್ಲಿ? ಧೈವತದ ಕುದುರೆ ಎಲ್ಲಿ? ಮಂಗ ಯಾವ ಸ್ವರ?

ಕಡೇ ಬೆಂಚು
ಮಂಗ ನಾನೇ ಇರಬೇಕು.

ಎಡದಿಂದ ಬಲಕ್ಕೆ
ಒಂದು ಗುಟ್ಟು ಸಿಕ್ಕ ಮೇಲೆ ಎಲ್ಲ ಕಡೆ ಗುಟ್ಟೇ ಕಾಣುತ್ತದೆ. ಈ ರೋಗಕ್ಕೆ ಹಳೆಯ ಉದಾಹರಣೆ ಇದೆ. 1944ರಲ್ಲಿ ನಾರ್ಮಂಡಿ ದಾಳಿಗೆ ಸ್ವಲ್ಪ ಮುಂಚೆ ಲಂಡನ್ನಿನ ಡೇಲಿ ಟೆಲಿಗ್ರಾಫ್ ಬಂಧದಲ್ಲಿ ಯೂಟಾ, ಒಮಾಹಾ, ಮಲ್ಬೆರಿ, ನೆಪ್ಚೂನ್, ಓವರ್‌ಲಾರ್ಡ್ ಒಂದಾದ ಮೇಲೆ ಒಂದು ಉತ್ತರವಾಗಿ ಬಂದವು. ಎಲ್ಲವೂ ಆ ದಾಳಿಯ ರಹಸ್ಯ ಹೆಸರುಗಳು. ಬಂಧ ರಚಿಸಿದ ಲೆನರ್ಡ್ ಡಾ ಅನ್ನುವ ಶಾಲಾ ಮುಖ್ಯೋಪಾಧ್ಯಾಯರನ್ನು ಗುಪ್ತಚರರು ಬಂದು ವಿಚಾರಿಸಿದರು. ಬೇಹುಗಾರಿಕೆಯ ಗುರುತು ಏನೂ ಸಿಗಲಿಲ್ಲ, ಬಿಟ್ಟುಬಿಟ್ಟರು.

ಹಳೇ ಪೆನ್ಸಿಲ್
ಬೇಕಂತಲೇ ಅಡಗಿಸುವವರೂ ಇದ್ದಾರೆ. ಬಂಧದೊಳಗೆ ಹೀಗೆ ಗುಟ್ಟಾಗಿ ಇಟ್ಟ ಪದ ಅಥವಾ ಸಂದೇಶಕ್ಕೆ ಬ್ರಿಟನ್ನಿನಲ್ಲಿ ‘ನೀನಾ’ ಅನ್ನುತ್ತಾರೆ. ಅಮೆರಿಕದ ಚಿತ್ರಕಾರ ಆಲ್ ಹಿರ್ಷ್‌ಫೆಲ್ಡ್ ತಮ್ಮ ಮಗಳು ನೀನಾಳ ಹೆಸರನ್ನು ಚಿತ್ರದ ಗೆರೆಗಳಲ್ಲಿ, ಕೂದಲಲ್ಲಿ, ಬಟ್ಟೆಯ ಮಡಿಕೆಯಲ್ಲಿ ಅಡಗಿಸಿ ಇಡುತ್ತಿದ್ದರು. ಅಲ್ಲಿಂದ ಬಂದ ಹೆಸರು.

ಅರೌಕೇರಿಯಾ ಅನ್ನುವ ಹೆಸರಿನಲ್ಲಿ ಗಾರ್ಡಿಯನ್‌ಗೆ ರಚಿಸುತ್ತಿದ್ದ ಜಾನ್ ಗ್ರಹಾಂ ಅಂತೂ 2013ರ ಜನವರಿಯಲ್ಲಿ ತಮಗೆ ಕ್ಯಾನ್ಸರ್ ಆಗಿದೆ ಅನ್ನುವ ಸುದ್ದಿಯನ್ನೇ ಬಂಧದ ಮೂಲಕ ಹೇಳಿದರು. ಬಿಡಿಸಿದವರಿಗೆ ಮಾತ್ರ ಗೊತ್ತಾಯಿತು. ಅದೇ ವರ್ಷ ತೀರಿಕೊಂಡರು.

ಸುಮ್ನೆ ನೋಡೋಳು
ಅಬ್ಬಾ. ಬೆಳಗ್ಗೆ ಆಟ ಅಂತ ಕೈಗೆತ್ತಿಕೊಂಡು ಕೊನೇ ಮನೆ ತುಂಬಿದಾಗ ಅದು ಗೊತ್ತಾದರೆ ಹೇಗಿರಬೇಡ.

ಖಾಲಿ ಚೌಕ
ಗುಟ್ಟು ಚೆನ್ನಾಗಿದೆ, ಒಪ್ಪಿದೆ. ಆದರೆ ನನಗೆ ಸಂಗೀತ ಬರುವುದಿಲ್ಲ. ಔಡವ, ವರ್ಜ್ಯ ಎಲ್ಲ ಇವತ್ತೇ ಕೇಳಿದ್ದು. ಸಂಗೀತ ಗೊತ್ತಿದ್ದವರಿಗೆ ಮಾತ್ರ ಸಿಗುವ ಗುಟ್ಟನ್ನು ದಿನದ ಬಂಧದಲ್ಲಿ ಇಡುವುದು ಎಷ್ಟು ಸರಿ?

ಒತ್ತಕ್ಷರ
ನೀವು ಬಂಧ ತುಂಬಿದ್ದು ಸಂಗೀತ ಗೊತ್ತಿಲ್ಲದೆಯೇ ಅಲ್ವಾ? ಒಂದು ಮನೆ ಬಿಟ್ಟು ಎಲ್ಲ ಆಗಿತ್ತು. ಆ ಒಂದು ಮನೆಯೂ ಸುಂದರಿಯಿಂದ ಬಿತ್ತು, ರಾಗದಿಂದ ಅಲ್ಲ. ಗುಟ್ಟು ಗೊತ್ತಿಲ್ಲದಿದ್ದರೂ ಬಂಧ ಮುಗಿಯಬೇಕು. ಗೊತ್ತಾದರೆ ಇನ್ನೊಂದು ಸಂತೋಷ. ಅಲ್ಲಿಗೆ ನಿಯಮ ಪಾಲಿಸಿದ ಹಾಗೆ.

ಹಳೇ ಪೆನ್ಸಿಲ್
ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಗುಟ್ಟು ಸ್ವಲ್ಪ ಉಪಯೋಗಕ್ಕೂ ಬರಬೇಕು. ಇಲ್ಲದಿದ್ದರೆ ಅದು ರಚನಕಾರ ತನಗೆ ತಾನೇ ಬೆನ್ನು ತಟ್ಟಿಕೊಂಡ ಹಾಗೆ. ಇವತ್ತು ಆ ಉಪಯೋಗ ಇತ್ತು. 21ರ ಒಂಟಿ ಮನೆ ಸ ರಿ ಗ ಪ ದ ಐದರಲ್ಲಿ ಒಂದೇ ಆಗಬೇಕು ಅಂತ ಗೊತ್ತಿದ್ದರೆ ಸರಿ, ರಿರಿ, ಗರಿ, ಪರಿ, ದರಿ. ಕಂದರಕ್ಕೆ ಹತ್ತಿರದ್ದು ಒಂದೇ. ಅಡ್ಡಪದ ಕೊಡದೆ ಬಿಟ್ಟದ್ದನ್ನು ಗುಟ್ಟಿನಿಂದ ತುಂಬಿಕೊಳ್ಳಿ ಅಂತ ಬಿಟ್ಟಿದ್ದಾರೆ. ಹಾಗೆ ನೋಡಿದರೆ ಆ ಮನೆಯ ಬಗ್ಗೆ ಮೊದಲು ಹಾಕಿದ ದೂರಿನ ಅರ್ಧ ವಾಪಸ್.

ಶಾಸ್ತ್ರಬದ್ಧ
ಅರ್ಧ ಮಾತ್ರ?

ಹಳೇ ಪೆನ್ಸಿಲ್
‘ಅವನಿಗೆ’ ಇನ್ನೂ ಹಾಗೇ ಇದೆಯಲ್ಲ.

ಎಡದಿಂದ ಬಲಕ್ಕೆ
ಒಂದು ಮನೆಗೆ ಎರಡು ಉತ್ತರ ಕೊಟ್ಟೂ ಗೆದ್ದ ಬಂಧ ಇದೆ, ಗೊತ್ತಾ? 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ನ್ಯೂಯಾರ್ಕ್ ಟೈಮ್ಸ್ ಬಂಧದಲ್ಲಿ ‘ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ’ ಅನ್ನುವ ಥರದ ಸುಳಿವು. ಕ್ಲಿಂಟನ್ ಅಂತ ಬರೆದರೂ ಕೂರುತ್ತಿತ್ತು, ಬಾಬ್ ಡೋಲ್ ಅಂತ ಬರೆದರೂ ಕೂರುತ್ತಿತ್ತು. ಎರಡಕ್ಕೂ ಇಂಗ್ಲಿಷಿನಲ್ಲಿ ಏಳೇ ಅಕ್ಷರ. ಕೆಳಗೆ ಇಳಿಯುವ ಏಳು ಸುಳಿವುಗಳೂ ಎರಡೂ ಕಡೆ ಹೊಂದುತ್ತಿದ್ದವು. ಹ್ಯಾಲೊವೀನ್‌ನ ಕಪ್ಪು ಪ್ರಾಣಿ ಅಂದರೆ ಕ್ಯಾಟ್ ಕೂಡ ಸರಿ, ಬ್ಯಾಟ್ ಕೂಡ ಸರಿ. ಫಲಿತಾಂಶ ಬರುವ ಮೊದಲೇ ಹೇಗೆ ಬರೆದಿರಿ ಅಂತ ಓದುಗರು ಸಿಟ್ಟಾಗಿ ಫೋನ್ ಮಾಡಿದ್ದರಂತೆ.

ಅಳಿಸುವ ರಬ್ಬರ್
ಕನ್ನಡದಲ್ಲಿ ಇದು ಸಾಧ್ಯವೇ ಇಲ್ಲ. ಒತ್ತಕ್ಷರ ಅವರ ಗುಣಿತ ಬಿಡುವುದಿಲ್ಲ.

ಒತ್ತಕ್ಷರ
ಸಾಧ್ಯ. ಒಂದೇ ಮನೆಯಲ್ಲಿ ಮಾಡಬಹುದು. ‘_ರಿ’, ಸುಳಿವು ‘ಕಾಡಿನ ಪ್ರಾಣಿ (2)’. ಕರಿ ಅಂದರೆ ಆನೆ, ನರಿಯೂ ಸರಿ. ಕೆಳಗೆ ಇಳಿಯುವ ಪದ ‘_ಗು’ ಆಗಲಿ, ಸುಳಿವು ‘ಕೆಲವರ ಮುಖದ ಚೆಲುವು ಹೆಚ್ಚಿಸುತ್ತದೆ’. ನಗು ಸರಿ. ಆದರೆ ‘ಕಗು’ ಅಂತ ಪದ ಇಲ್ಲ. ಥತ್. ಸ್ವಲ್ಪ ಸಮಯ ಕೊಡಿ.

ಶ್ರುತಿಪೆಟ್ಟಿಗೆ
ನೀವು ಯೋಚಿಸುತ್ತಿರಿ. ಅಷ್ಟರಲ್ಲಿ ನನ್ನದೊಂದು ಸುಳಿವು, ಎಲ್ಲರೂ ಬಿಡಿಸಿ: ‘ಹತ್ತು ನೂರರ ಅಮರ (4)’.

ಕಡೇ ಬೆಂಚು
ಹತ್ತು ನೂರು ಅಂದರೆ ಸಾವಿರ. ಆದರೆ ಅದು ಮೂರೇ ಅಕ್ಷರ.

ಸುಮ್ನೆ ನೋಡೋಳು
‘ನೂರರ’ ಅಂತ ಇದೆಯಲ್ಲ, ಷಷ್ಠಿ. ಸಾವಿರದ! ಸಾವು ಇರದ ಅಂದರೆ ಅಮರ. ಈ ಸಲ ಉತ್ತರ ಹೇಳಬೇಡಿ ಅಂತ ಯಾರೂ ಹೇಳಿರಲಿಲ್ಲ, ಗಮನಿಸಿ.

ಹಳೇ ಪೆನ್ಸಿಲ್
ಸೊಗಸಾಗಿದೆ. ‘ನೂರರ’ ಅನ್ನುವ ಪ್ರತ್ಯಯವೂ ಉತ್ತರದಲ್ಲಿ ‘ದ’ ಆಗಿ ಬಂದಿದೆ. ಒಂದು ಅಕ್ಷರವೂ ಸಡಿಲ ಇಲ್ಲ.

ಶಾಸ್ತ್ರಬದ್ಧ
ಅಮರ ಅಂದರೆ ಸಾಯದವನು, ನಾಮಪದ. ‘ಸಾವಿರದ’ ವಿಶೇಷಣ. ಹೊಂದುವುದಿಲ್ಲ.

ಶ್ರುತಿಪೆಟ್ಟಿಗೆ
ಅಮರ ಪ್ರೇಮ, ಅಮರ ಕಾವ್ಯ ಅನ್ನುವಾಗ ಅದೂ ವಿಶೇಷಣವೇ ಸರ್.

ಒತ್ತಕ್ಷರ
ಸಿಕ್ಕಿತು! ಕೆಳಗೆ ಇಳಿಯುವ ಪದ ‘_ಡೆ’, ಸುಳಿವು ‘ಹಾದಿಯಲ್ಲಿ ಸಾಗಿದರೆ ಇದು, ಹಾದಿಯ ತುದಿಯೂ ಇದೇ (2)’. ನಡೆ, ಕಡೆ. ಕರಿ, ನರಿ. ನಾಲ್ಕೂ ಕೂತವು.

ಹಳೇ ಪೆನ್ಸಿಲ್
ಆ ಸುಳಿವಿನಲ್ಲಿ ಎರಡು ಅರ್ಥ ಕೊಟ್ಟಿದ್ದೀರಿ. ಎರಡೂ ಅರ್ಥ ಒಂದೇ ಉತ್ತರಕ್ಕೆ ಹೊಂದಬೇಕು. ನಡೆ ಮೊದಲನೆಯದಕ್ಕೆ ಮಾತ್ರ ಸರಿ, ಕಡೆ ಎರಡನೆಯದಕ್ಕೆ ಮಾತ್ರ.

ಒತ್ತಕ್ಷರ
ಇವರ ಕೈಯಲ್ಲಿ ಪಾಸಾಗುವುದು ಇಲ್ಲ ಬಿಡಿ. ರಾತ್ರಿ ಮತ್ತೆ ಬರುತ್ತೇನೆ.